ಒಂದು ತಪ್ಪು ಅಕ್ಷರಕ್ಕೆ 195 ಅಂಕ: ಅಮೆರಿಕದ ಪದಬಂಧ ಸ್ಪರ್ಧೆಗೆ ಸಿದ್ಧರಾಗುವ ಬಗೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟ್ಯಾಂಫರ್ಡ್ ಊರಿನ ಹೋಟೆಲೊಂದರಲ್ಲಿ ಪದಬಂಧ ತಜ್ಞ ವಿಲ್ ಶಾರ್ಟ್ಸ್ 1978ರಲ್ಲಿ ಆರಂಭಿಸಿದ ಅಮೆರಿಕನ್ ಕ್ರಾಸ್‌ವರ್ಡ್ ಪಝಲ್ ಟೂರ್ನಮೆಂಟ್ ಇಂದು ಆ ದೇಶದ ಪದಬಂಧ ಪ್ರಿಯರ ಅತಿ ದೊಡ್ಡ ಕೂಟವಾಗಿದೆ. ಮೊದಲ ವರ್ಷ 149 ಮಂದಿ ಬಂದಿದ್ದ ಈ ಸ್ಪರ್ಧೆಗೆ ಈಗ ನೂರಾರು ಜನ ಹೆಸರು ನೋಂದಾಯಿಸುತ್ತಾರೆ. 2008ರಿಂದ 2014ರವರೆಗೆ ಬ್ರೂಕ್ಲಿನ್‌ನಲ್ಲಿ ನಡೆದು, 2015ರಲ್ಲಿ ಮತ್ತೆ ಹುಟ್ಟೂರಾದ ಸ್ಟ್ಯಾಂಫರ್ಡ್‌ಗೇ ಮರಳಿತು. ಅಮೆರಿಕದಲ್ಲಿ ನೆಲೆಸಿ ದಿನವೂ ರೈಲಿನಲ್ಲೋ ಊಟದ ಬಿಡುವಿನಲ್ಲೋ ಫೋನಿನ ಮೇಲೆ ಇಂಗ್ಲಿಷ್ ಪದಬಂಧ ಬಿಡಿಸುವ ಕನ್ನಡಿಗರು ಅನೇಕರಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಒಮ್ಮೆ ಸ್ಪರ್ಧೆಗೆ ಕೂತು ನೋಡಬೇಕೆಂಬ ಆಸೆ ಇದ್ದರೆ, ಅವರಿಗಾಗಿ ಈ ಬರಹ. ಇಂಗ್ಲಿಷ್ ಶಬ್ದಭಂಡಾರ ದೊಡ್ಡದಿದ್ದರೆ ಸಾಕು ಎಂಬ ನಂಬಿಕೆಯಿಂದ ಹೋದವರು ಅಲ್ಲಿ ಮೊದಲ ದಿನವೇ ಎಡವುತ್ತಾರೆ. ಅಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ನಿಖರತೆ ಮತ್ತು ಕಾಲದ ಲೆಕ್ಕಾಚಾರ.

ಸ್ಪರ್ಧೆಯ ರಚನೆಯನ್ನು ಮೊದಲು ತಿಳಿದುಕೊಳ್ಳಬೇಕು. ಒಟ್ಟು ಏಳು ಪದಬಂಧಗಳಿರುತ್ತವೆ: ಶನಿವಾರ ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ಭಾನುವಾರ ಬೆಳಿಗ್ಗೆ ಒಂದು. ಮೊದಲನೆಯದು ಸುಲಭದ್ದು, 15 ನಿಮಿಷದ್ದು. ಮುಂದಿನವುಗಳಿಗೆ ಅವುಗಳ ಗಾತ್ರ ಮತ್ತು ಕಷ್ಟಕ್ಕೆ ತಕ್ಕಂತೆ ಹೆಚ್ಚಿನ ಅವಧಿ ಕೊಡುತ್ತಾರೆ. ಏಳನೆಯದು ಅಡ್ಡ 21, ಉದ್ದ 21 ಮನೆಗಳ ದೊಡ್ಡ ಪದಬಂಧವಾಗಿದ್ದು ಅದಕ್ಕೆ 45 ನಿಮಿಷ. ಸಭಾಂಗಣದ ಮುಂಭಾಗದಲ್ಲಿ ದೊಡ್ಡ ಗಡಿಯಾರ ಹಿಮ್ಮುಖವಾಗಿ ಓಡುತ್ತಿರುತ್ತದೆ. ಅಕ್ಕಪಕ್ಕದವರ ಹಾಳೆ ಕಾಣದಂತೆ ಮೇಜಿನ ಮೇಲೆ ರಟ್ಟಿನ ತಡೆಗಳನ್ನು ನಿಲ್ಲಿಸಿರುತ್ತಾರೆ. ಬಿಡಿಸಿ ಮುಗಿಸಿದವರು ಕೈ ಎತ್ತಬೇಕು. ತೀರ್ಪುಗಾರರು ಬಂದು ಗಡಿಯಾರದಲ್ಲಿ ಉಳಿದಿರುವ ನಿಮಿಷವನ್ನು ಹಾಳೆಯ ಮೇಲೆ ಬರೆದು ಅದನ್ನು ತೆಗೆದುಕೊಂಡು ಹೋಗುತ್ತಾರೆ. ಒಮ್ಮೆ ಕೊಟ್ಟ ಹಾಳೆ ಮತ್ತೆ ಕೈಗೆ ಬರುವುದಿಲ್ಲ.

ಇನ್ನು ಅಂಕಗಳ ವಿಚಾರ. ಹೊಸಬರು ಎಲ್ಲಕ್ಕಿಂತ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಇದನ್ನೇ. ಸರಿಯಾದ ಪ್ರತಿ ಪದಕ್ಕೆ 10 ಅಂಕ. ನಿಗದಿತ ಅವಧಿಗಿಂತ ಮುಂಚೆ ಮುಗಿಸಿದ ಪ್ರತಿ ಪೂರ್ಣ ನಿಮಿಷಕ್ಕೆ 25 ಅಂಕ. ಇಡೀ ಪದಬಂಧ ಒಂದೂ ತಪ್ಪಿಲ್ಲದೆ ಇದ್ದರೆ ಹೆಚ್ಚುವರಿಯಾಗಿ 150 ಅಂಕ. ತಪ್ಪಾದ ಅಥವಾ ಬಿಟ್ಟುಹೋದ ಪ್ರತಿ ಅಕ್ಷರಕ್ಕೆ ನಿಮಿಷಗಳ ಗಳಿಕೆಯಿಂದ 25 ಅಂಕ ಕಡಿತ. ಈಗ ಒಂದೇ ಒಂದು ಮನೆಯಲ್ಲಿ ತಪ್ಪು ಅಕ್ಷರ ಬಿದ್ದಿದೆ ಎಂದುಕೊಳ್ಳಿ. ಆ ಮನೆ ಅಡ್ಡದ ಒಂದು ಪದಕ್ಕೂ ಉದ್ದದ ಒಂದು ಪದಕ್ಕೂ ಸೇರಿರುವುದರಿಂದ ಎರಡು ಪದಗಳ 20 ಅಂಕ ಹೋಯಿತು. ನಿಖರತೆಯ 150 ಹೋಯಿತು. ಕಾಲದ ಗಳಿಕೆಯಲ್ಲಿ 25 ಹೋಯಿತು. ಒಟ್ಟು 195. ನಿಮಿಷಕ್ಕೆ 25ರಂತೆ ಭಾಗಿಸಿದರೆ ಇದು ಸುಮಾರು ಎಂಟು ನಿಮಿಷಗಳ ದುಡಿಮೆಗೆ ಸಮ.

ಉದಾಹರಣೆಗೆ, 25 ನಿಮಿಷದ ಪದಬಂಧವೊಂದನ್ನು ಒಬ್ಬರು 9 ನಿಮಿಷದಲ್ಲಿ ಮುಗಿಸಿ ಒಂದು ಅಕ್ಷರ ತಪ್ಪಿದರು, ಇನ್ನೊಬ್ಬರು 16 ನಿಮಿಷ ತೆಗೆದುಕೊಂಡು ತಪ್ಪಿಲ್ಲದೆ ಬಿಡಿಸಿದರು ಎಂದಿಟ್ಟುಕೊಳ್ಳೋಣ. ಇಬ್ಬರಿಗೂ ಸಮನಾದ ಪದಗಳ ಅಂಕ ಬಿಟ್ಟು ನೋಡಿದರೆ, ಮೊದಲನೆಯವರಿಗೆ ಉಳಿದ 16 ನಿಮಿಷಕ್ಕೆ 400 ಬಂದು, ಅದರಲ್ಲಿ ದಂಡದ 25 ಮತ್ತು ತಪ್ಪಿದ ಎರಡು ಪದಗಳ 20 ಕಳೆದು 355 ಉಳಿಯುತ್ತದೆ. ಎರಡನೆಯವರಿಗೆ 9 ನಿಮಿಷಕ್ಕೆ 225, ನಿಖರತೆಗೆ 150, ಒಟ್ಟು 375. ಏಳು ನಿಮಿಷ ನಿಧಾನವಾಗಿದ್ದವರೇ 20 ಅಂಕ ಮುಂದಿದ್ದಾರೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅಭ್ಯಾಸದ ಮೇಜಿನ ಮೇಲೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಇದು ಹೊಸಬರಿಗಷ್ಟೇ ಅನ್ವಯಿಸುವ ಮಾತಲ್ಲ. ಏಳು ಪದಬಂಧಗಳ ಬಳಿಕ ಮುಂಚೂಣಿಯ ಮೂವರು ಹೆಡ್‌ಫೋನ್ ಹಾಕಿಕೊಂಡು ದೊಡ್ಡ ಬೋರ್ಡುಗಳ ಮೇಲೆ ಬಿಡಿಸುವ ಅಂತಿಮ ಸುತ್ತಿರುತ್ತದೆ. 2005ರ ಆ ಸುತ್ತಿನಲ್ಲಿ ಆಲ್ ಸ್ಯಾಂಡರ್ಸ್ ಎಂಬ ಸ್ಪರ್ಧಿ ಎಲ್ಲರಿಗಿಂತ ಮೊದಲು ಮುಗಿಸಿದೆನೆಂದು ಹೇಳಿ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದ ಬಳಿಕ, ತಮ್ಮ ಬೋರ್ಡಿನಲ್ಲಿ ಎರಡು ಮನೆಗಳು ಖಾಲಿ ಉಳಿದಿರುವುದನ್ನು ಕಂಡರು. ಅಂದು ಪ್ರಶಸ್ತಿ ಗೆದ್ದವರು 20 ವರ್ಷದ ಟೈಲರ್ ಹಿನ್ಮನ್. ಅವರು ಅಲ್ಲಿಂದ 2009ರವರೆಗೆ ಸತತ ಐದು ವರ್ಷ ಗೆದ್ದರು. ಅವರ ಬಳಿಕ ಡ್ಯಾನ್ ಫೇಯರ್ 2010ರಿಂದ 2015ರವರೆಗೆ ಸತತ ಆರು ವರ್ಷ ಗೆದ್ದರು. ಸ್ಯಾಂಡರ್ಸ್ ಅವರಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಕೈ ಕೆಳಗಿಳಿಸುವ ಮುನ್ನ ಒಮ್ಮೆ ಹಿಂದೆ ಸರಿದು ಇಡೀ ಬೋರ್ಡನ್ನು ನೋಡುವ ಎರಡು ಸೆಕೆಂಡ್ ಅವರಿಗೆ ದೊರಕಲಿಲ್ಲ.

ಹಾಗಾದರೆ ಪರಿಶೀಲನೆಗೆ ಕಾಲ ಎಲ್ಲಿಂದ ತರುವುದು? ನಿಯಮದಲ್ಲೇ ಅದಕ್ಕೆ ಎಡೆ ಇದೆ. ಅಂಕ ಸಿಗುವುದು ಪೂರ್ಣ ನಿಮಿಷಕ್ಕೆ ಮಾತ್ರ. ನೀವು ಕೊನೆಯ ಅಕ್ಷರ ತುಂಬಿದಾಗ ಗಡಿಯಾರ 6 ನಿಮಿಷ 50 ಸೆಕೆಂಡ್ ತೋರಿಸುತ್ತಿದ್ದರೆ, ಅದು 6ಕ್ಕೆ ಇಳಿಯುವವರೆಗಿನ ಅಷ್ಟೂ ಸೆಕೆಂಡುಗಳು ನಿಮ್ಮವೇ. ಆಗಲೇ ಕೈ ಎತ್ತಿದರೂ ಒಂದು ಅಂಕವೂ ಹೆಚ್ಚು ಬರುವುದಿಲ್ಲ. ಬದಲಿಗೆ ಗಡಿಯಾರ 6 ನಿಮಿಷ 4 ಸೆಕೆಂಡ್ ತೋರಿಸುತ್ತಿದ್ದರೆ, ಪದಬಂಧದ ಮೇಲೆ ನಿಮಗೆ ಪೂರ್ತಿ ಭರವಸೆಯಿದ್ದಾಗ ಮಾತ್ರ ತಕ್ಷಣ ಕೈ ಎತ್ತಬಹುದು. ಸ್ವಲ್ಪವಾದರೂ ಅನುಮಾನವಿದ್ದರೆ 25 ಅಂಕ ಬಿಟ್ಟುಕೊಟ್ಟು ಮುಂದಿನ ನಿಮಿಷವನ್ನು ಪರಿಶೀಲನೆಗೆ ಬಳಸುವುದೇ ಲಾಭ. ಪರಿಶೀಲನೆಗೂ ಒಂದು ಕ್ರಮವಿರಲಿ. ಮೊದಲು ಸಾಲು ಸಾಲಾಗಿ ಕಣ್ಣಾಡಿಸಿ ಖಾಲಿ ಮನೆ ಇದೆಯೇ ಎಂದು ನೋಡಬೇಕು. ಆಮೇಲೆ ಬಿಡಿಸುವಾಗ ಹೆಚ್ಚಾಗಿ ಯಾವ ದಿಕ್ಕಿನ ಸುಳಿವುಗಳನ್ನು ಓದಿದ್ದೀರೋ ಅದರ ವಿರುದ್ಧ ದಿಕ್ಕಿನ ಪದಗಳನ್ನು ಓದಬೇಕು. ಎಡದಿಂದ ಬಲಕ್ಕೆ ಓದುತ್ತ ತುಂಬಿದವರು ಮೇಲಿನಿಂದ ಕೆಳಕ್ಕೆ ತಾವಾಗಿಯೇ ತುಂಬಿಕೊಂಡ ಪದಗಳ ಸುಳಿವನ್ನು ನೋಡಿಯೇ ಇರುವುದಿಲ್ಲ. ತಪ್ಪುಗಳು ಅಡಗಿ ಕೂರುವುದು ಅಲ್ಲೇ.

ಫೋನಿನ ಮೇಲೆ ಬಿಡಿಸಿ ಅಭ್ಯಾಸವಾದವರು ಸ್ಪರ್ಧೆಗೆ ಕನಿಷ್ಠ ಎರಡು ತಿಂಗಳ ಮುಂಚೆ ಕಾಗದಕ್ಕೆ ಮರಳಬೇಕು. ಫೋನಿನಲ್ಲಿ ತಪ್ಪು ಇದ್ದರೆ ಆ್ಯಪ್ ಎಚ್ಚರಿಸುತ್ತದೆ, ತುಂಬಿದ ಮನೆಯನ್ನು ದಾಟಿ ಮುಂದಿನ ಮನೆಗೆ ತಾನೇ ಜಿಗಿಯುತ್ತದೆ, ಸುಳಿವನ್ನು ಕಣ್ಣ ಮುಂದೆಯೇ ಹಿಡಿಯುತ್ತದೆ. ಕಾಗದದಲ್ಲಿ ಸುಳಿವಿನ ಅಂಕಣದಿಂದ ಮನೆಗೆ, ಮನೆಯಿಂದ ಸುಳಿವಿಗೆ ಕಣ್ಣು ಓಡಾಡಬೇಕು. ಆ ಓಡಾಟದಲ್ಲೇ ಸಾಲು ತಪ್ಪಿ ಪದವನ್ನು ಬೇರೆ ಸಂಖ್ಯೆಯ ಮನೆಯಲ್ಲಿ ಬರೆಯುವುದು ಎಲ್ಲರಿಗೂ ಆಗುವ ಅನಾಹುತ. ಎಡಗೈ ತೋರುಬೆರಳನ್ನು ಸುಳಿವಿನ ಮೇಲೆ ಇಟ್ಟುಕೊಂಡೇ ಬಲಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡರೆ ಇದು ಬಹಳ ಕಡಿಮೆಯಾಗುತ್ತದೆ. ಬರವಣಿಗೆಯಲ್ಲೂ ಸೆಕೆಂಡುಗಳಿವೆ. ಇಂಗ್ಲಿಷಿನ ದೊಡ್ಡ 'ಇ' ಅಕ್ಷರಕ್ಕೆ ನಾಲ್ಕು ಗೆರೆ ಬೇಕು, ಸಣ್ಣ 'ಇ'ಗೆ ಒಂದೇ ಸುತ್ತು ಸಾಕು. ಆ ಭಾಷೆಯಲ್ಲಿ ಅತಿ ಹೆಚ್ಚು ಬರುವ ಅಕ್ಷರವೂ ಅದೇ ಆಗಿರುವುದರಿಂದ, ಉಳಿದೆಲ್ಲ ಅಕ್ಷರಗಳನ್ನು ದೊಡ್ಡದಾಗಿ ಬರೆಯುವ ವೇಗದ ಆಟಗಾರರಲ್ಲಿ ಅನೇಕರು ಇದೊಂದನ್ನು ಮಾತ್ರ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ಮೆತ್ತನೆಯ, ದಪ್ಪ ಗೆರೆಯ ಪೆನ್ಸಿಲ್ ಎರಡು, ಒಳ್ಳೆಯ ರಬ್ಬರ್ ಒಂದು ಇರಲಿ. ಅಳಿಸಿ ಬರೆದ ಅಕ್ಷರ ಓದಲು ಬಾರದಂತಿದ್ದರೆ ಸರಿ ಉತ್ತರವೂ ಅಪಾಯಕ್ಕೆ ಸಿಕ್ಕುತ್ತದೆ.

ಪತ್ರಿಕೆಗಳ ಕನ್ನಡ ಪದಬಂಧ ಬಿಡಿಸಿ ಬೆಳೆದವರು ಅಮೆರಿಕದ ಪದಬಂಧಕ್ಕೆ ಬಂದಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ಣ ಅಕ್ಷರ: 'ಕರ್ನಾಟಕ' ಎಂಬ ಪದ ಕ, ರ್ನಾ, ಟ, ಕ ಎಂದು ನಾಲ್ಕೇ ಮನೆ ಹಿಡಿಯುತ್ತದೆ. ಎರಡು ಪದಗಳು ಕೂಡುವ ಮನೆಯಲ್ಲಿ ಒತ್ತು, ಗುಣಿತ ಎಲ್ಲವೂ ಹೊಂದಬೇಕಾದದ್ದರಿಂದ ಕೂಡುವ ಒಂದು ಮನೆಯೇ ಬಹಳಷ್ಟು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಅದೇ ಪದ ಒಂಬತ್ತು ಮನೆಗೆ ಹರಡಿಕೊಳ್ಳುತ್ತದೆ, ಮತ್ತು ಒಂದೊಂದು ಮನೆ ಹೇಳುವುದು ಕಡಿಮೆ. ಇದಕ್ಕೆ ಪ್ರತಿಯಾಗಿ ಅಮೆರಿಕದ ಪದಬಂಧದಲ್ಲಿ ಪ್ರತಿಯೊಂದು ಮನೆಯೂ ಎರಡು ಪದಗಳಿಗೆ ಸೇರಿರುತ್ತದೆ, ಮೂರಕ್ಕಿಂತ ಕಡಿಮೆ ಅಕ್ಷರದ ಪದ ಇರುವುದಿಲ್ಲ, ಕಪ್ಪು ಮನೆಗಳ ವಿನ್ಯಾಸವನ್ನು ಅರ್ಧ ಸುತ್ತು ತಿರುಗಿಸಿದರೂ ಸಾಮಾನ್ಯವಾಗಿ ಹಾಗೆಯೇ ಕಾಣುತ್ತದೆ. ಅಂದರೆ ಗೊತ್ತಿಲ್ಲದ ಪದವೊಂದನ್ನು ಅದನ್ನು ಹಾಯುವ ಪದಗಳಿಂದಲೇ ಪೂರ್ತಿಯಾಗಿ ಪಡೆಯಬಹುದು. ಆದ್ದರಿಂದ ಗೊತ್ತಿಲ್ಲದ ಸುಳಿವಿನ ಮುಂದೆ ಕೂತು ತಲೆ ಕೆರೆದುಕೊಳ್ಳುವುದು ಸ್ಪರ್ಧೆಯಲ್ಲಿ ಅತಿ ದುಬಾರಿಯಾದ ಅಭ್ಯಾಸ. ಮೂರು ಸೆಕೆಂಡಿನಲ್ಲಿ ಹೊಳೆಯದಿದ್ದರೆ ಅಡ್ಡ ಹಾಯುವ ಪದಕ್ಕೆ ಹೋಗಬೇಕು.

ಸುಳಿವುಗಳಿಗೆ ತಮ್ಮದೇ ವ್ಯಾಕರಣವಿದೆ, ಮತ್ತು ಅದನ್ನು ರಚನಕಾರರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ, ಸುಳಿವು ಭೂತಕಾಲದಲ್ಲಿದ್ದರೆ ಉತ್ತರವೂ ಭೂತಕಾಲ. ಬಹುವಚನದ ಸುಳಿವು ಕಂಡೊಡನೆ ಉತ್ತರ ಗೊತ್ತಿಲ್ಲದಿದ್ದರೂ ಕೊನೆಯ ಮನೆಯಲ್ಲಿ ತೆಳುವಾಗಿ 'ಎಸ್' ಬರೆದುಕೊಂಡರೆ ಹಾಯುವ ಪದಕ್ಕೆ ದಾರಿ ಸಿಗುತ್ತದೆ. ಆದರೆ ಪುಟ್, ಸೆಟ್, ಕಟ್ ಮೊದಲಾದ ಕ್ರಿಯಾಪದಗಳ ರೂಪ ಭೂತಕಾಲದಲ್ಲೂ ಬದಲಾಗದ ಕಾರಣ, ಅಂಥ ಸುಳಿವು ಬಂದಾಗ 'ಇಡಿ' ಪ್ರತ್ಯಯವನ್ನು ಅವಸರದಿಂದ ಬರೆಯಬಾರದು. ಸುಳಿವಿನಲ್ಲಿ ಸಂಕ್ಷಿಪ್ತ ರೂಪವಿದ್ದರೆ ಉತ್ತರವೂ ಸಂಕ್ಷಿಪ್ತ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅಲ್ಲಿ ಪದಚಮತ್ಕಾರವಿದೆ ಎಂದರ್ಥ. 'ಫ್ಲವರ್ ಆಫ್ ಲಂಡನ್?' ಎಂಬ ಹಳೆಯ ಸುಳಿವಿಗೆ ಉತ್ತರ ಯಾವ ಹೂವೂ ಅಲ್ಲ, ಥೇಮ್ಸ್ ನದಿ. ಅಲ್ಲಿನ ಮೊದಲ ಪದವನ್ನು 'ಫ್ಲೋ' ಅಂದರೆ ಹರಿಯುವುದು ಎಂಬುದಕ್ಕೆ 'ಅರ್' ಸೇರಿದ ಪದವಾಗಿ, ಅಂದರೆ 'ಹರಿಯುವಂಥದ್ದು' ಎಂದು ಓದಬೇಕು.

ಕನ್ನಡಿಗರಿಗೆ ವಿಶೇಷವಾಗಿ ಎಡವುವಂತೆ ಮಾಡುವ ಇನ್ನೊಂದು ತಂತ್ರವಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲದ್ದರಿಂದ ಅಂಕಿತನಾಮದ ಗುರುತನ್ನು ನಮ್ಮ ಕಣ್ಣು ಅಷ್ಟಾಗಿ ಹುಡುಕುವುದಿಲ್ಲ. ಇಂಗ್ಲಿಷ್ ಸುಳಿವಿನ ಮೊದಲ ಪದ ಹೇಗೂ ದೊಡ್ಡಕ್ಷರದಿಂದ ಆರಂಭವಾಗುವುದರಿಂದ, ಅಂಕಿತನಾಮವನ್ನು ಅಲ್ಲಿಯೇ ಅಡಗಿಸಿಡುವುದು ರಚನಕಾರರ ಇಷ್ಟದ ಆಟ. 'ನೈಸ್ ಫ್ರೆಂಡ್' ಎಂದು ಓದಿಕೊಂಡು ಒಳ್ಳೆಯ ಗೆಳೆಯನನ್ನು ಹುಡುಕಹೊರಟರೆ ಉತ್ತರ ಸಿಗುವುದಿಲ್ಲ. ಅದೇ ಅಕ್ಷರಗಳು ಫ್ರಾನ್ಸಿನ ನೀಸ್ ನಗರದ ಹೆಸರೂ ಆಗಿರುವುದರಿಂದ ಅಲ್ಲಿ ಬೇಕಾದದ್ದು ಗೆಳೆಯ ಎಂಬುದರ ಫ್ರೆಂಚ್ ಪದ, 'ಅಮಿ'. ಸುಳಿವಿನ ಮೊದಲ ಪದವನ್ನು ಊರಿನ ಅಥವಾ ವ್ಯಕ್ತಿಯ ಹೆಸರಾಗಿಯೂ ಓದಿ ನೋಡುವುದು ಒಂದು ಅಭ್ಯಾಸವಾಗಬೇಕು.

ನಮಗೆ ಅನುಕೂಲವಾಗುವ ಸಂಗತಿಯೂ ಇದೆ. ಪ್ರತಿ ಮನೆಯೂ ಎರಡು ಪದಗಳಿಗೆ ಹೊಂದಬೇಕಾದ್ದರಿಂದ ರಚನಕಾರರಿಗೆ ಸ್ವರಗಳು ಹೇರಳವಾಗಿರುವ ಚಿಕ್ಕ ಪದಗಳ ಹಸಿವು ಸದಾ ಇರುತ್ತದೆ. ಓರಿಯೊ ಬಿಸ್ಕತ್ತು, ಅಲೋ ಎಂಬ ಲೋಳೆಸರ, ಏರಿಯಾ, ಈರಾ ಇಂಥ ಪದಗಳು ಮತ್ತೆ ಮತ್ತೆ ಬರುವುದು ಇದೇ ಕಾರಣದಿಂದ. ಭಾರತೀಯ ಭಾಷೆಗಳಿಂದ ಹೋದ ಪದಗಳು ಈ ಅಗತ್ಯಕ್ಕೆ ಚೆನ್ನಾಗಿ ಒಗ್ಗುತ್ತವೆ: ಆಸನ, ರಾಗ, ಸಾರಿ, ನಾನ್, ರಾಯ್ತ, ಸಿತಾರ್, ಆಗ್ರಾ. ನಮ್ಮ ಕೊಬ್ಬರಿಯ ದಾಯಾದಿಯಾದ ಮಲಯಾಳದ 'ಕೊಪ್ಪರ' ಪೋರ್ಚುಗೀಸರ ಬಾಯಿಂದ 'ಕೋಪ್ರಾ' ಆಗಿ ಪದಬಂಧದಲ್ಲಿ ಎದುರಾದಾಗ ಅಡುಗೆಮನೆಯ ಡಬ್ಬಿಯೇ ಕಣ್ಣ ಮುಂದೆ ಬರುತ್ತದೆ. ಆದರೆ ಅರ್ಥ ಗೊತ್ತಿದ್ದ ಮಾತ್ರಕ್ಕೆ ಕಾಗುಣಿತ ಗೊತ್ತಿದೆ ಎಂದುಕೊಳ್ಳಬಾರದು. ರಾಣಿಯನ್ನು ಕೊನೆಯಲ್ಲಿ ಒಂದು 'ಐ' ಹಾಕಿಯೂ ಎರಡು 'ಇ' ಹಾಕಿಯೂ ಬರೆಯುತ್ತಾರೆ. ರಾಜನಿಗೆ ಕೊನೆಯಲ್ಲಿ 'ಎಚ್' ಇರಬಹುದು, ಇಲ್ಲದಿರಬಹುದು. ದಾಲ್‌ಗೆ ಹಲವು ಬಗೆಯ ಕಾಗುಣಿತವಿದೆ. ನಮ್ಮ ಮನೆಯ ಪದವೆಂಬ ಸಲಿಗೆಯಿಂದ ಎಣಿಸದೆ ತುಂಬಿ, ನಾಲ್ಕು ಮನೆಯ ಜಾಗಕ್ಕೆ ಐದಕ್ಷರ ಹೊಂದಿಸಲು ಹೋಗಿ ಅಭ್ಯಾಸದಲ್ಲಿ ನಾನು ಕಳೆದುಕೊಂಡ ನಿಮಿಷಗಳು ಕಡಿಮೆಯಲ್ಲ. ಮನೆಗಳನ್ನು ಎಣಿಸಿ, ಖಚಿತವಾದ ಅಕ್ಷರಗಳನ್ನು ಮಾತ್ರ ತುಂಬಿ, ಉಳಿದದ್ದನ್ನು ಹಾಯುವ ಪದಕ್ಕೆ ಬಿಡಬೇಕು.

ಇದೇ ವಿವೇಕ ಬೇರೆ ಕಡೆಯೂ ಬೇಕು. ಹವಾಯಿಯ ಪರ್ವತದ ಹೆಸರಿನಲ್ಲಿ 'ಮೌನಾ' ಎಂಬುದರ ಮುಂದೆ ಮೂರು ಮನೆ ಖಾಲಿ ಬಿಟ್ಟಿದ್ದರೆ ಉತ್ತರ 'ಕೇಆ' ಆಗಬಹುದು, 'ಲೋಆ' ಆಗಬಹುದು. ಎರಡೂ 'ಎ' ಅಕ್ಷರದಿಂದಲೇ ಮುಗಿಯುವುದರಿಂದ ಅದೊಂದನ್ನು ಬರೆದು ಮುಂದೆ ಹೋಗುವುದು ಜಾಣತನ. ಇಂಥ ಇಬ್ಬಂದಿಗೆ ಆಟಗಾರರು ಆ ಎರಡು ಹೆಸರುಗಳನ್ನೇ ಜೋಡಿಸಿ 'ಕೀಲೋವಾ' ಎನ್ನುತ್ತಾರೆ. ಇದಕ್ಕಿಂತ ಕಠಿಣವಾದದ್ದು 'ನೇಟಿಕ್'. ಮ್ಯಾಸಚೂಸೆಟ್ಸ್‌ನ ಆ ಊರಿನ ಹೆಸರು, ಹೆಚ್ಚಿನವರಿಗೆ ಮೊದಲಕ್ಷರ ತಿಳಿಯದ ಕಲಾವಿದರೊಬ್ಬರ ಹೆಸರನ್ನು ಒಮ್ಮೆ ಒಂದು ಪದಬಂಧದಲ್ಲಿ ಹಾಯ್ದದ್ದರಿಂದ, ಎರಡು ಅಪರಿಚಿತ ಹೆಸರುಗಳು ಕೂಡುವ ಮನೆಗೆಲ್ಲ ಅದೇ ಹೆಸರು ನಿಂತಿತು. ಅಲ್ಲಿ ತರ್ಕ ನಡೆಯುವುದಿಲ್ಲ. ಎರಡೂ ಹೆಸರುಗಳಿಗೆ ಸಹಜವಾಗಿ ಕೇಳಿಸುವ ಅಕ್ಷರವನ್ನು ಬರೆದು ಮುಂದೆ ಸಾಗಬೇಕು. ಖಾಲಿ ಬಿಟ್ಟರೂ ತಪ್ಪಿದರೂ ದಂಡ ಒಂದೇ ಆಗಿರುವುದರಿಂದ ಊಹಿಸಿ ಬರೆಯುವುದರಲ್ಲಿ ನಷ್ಟವಿಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರರು, ಹಳೆಯ ದೂರದರ್ಶನ ಕಾರ್ಯಕ್ರಮಗಳು, ವಿಶ್ವವಿದ್ಯಾಲಯದ ಊರುಗಳು ಇವೇ ನಮ್ಮಂಥವರಿಗೆ ಹೆಚ್ಚಾಗಿ ನೇಟಿಕ್ ಆಗುವ ಕ್ಷೇತ್ರಗಳು. ಇವುಗಳ ಪಟ್ಟಿಯೊಂದನ್ನು ಸ್ವಂತ ಕೈಯಿಂದ ಬರೆದಿಟ್ಟುಕೊಂಡು ಬೆಳೆಸುತ್ತ ಹೋಗುವುದಕ್ಕೆ ಬೇರೆ ಪರ್ಯಾಯವಿಲ್ಲ.

ಐದನೆಯ ಪದಬಂಧದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಶನಿವಾರ ಮಧ್ಯಾಹ್ನದ ಈ ಪದಬಂಧ ಇಡೀ ಸ್ಪರ್ಧೆಯಲ್ಲಿ ಅತಿ ಕಠಿಣವೆಂದು ಹೆಸರಾದದ್ದು. ಇದನ್ನು ಪೂರ್ತಿ ಮುಗಿಸಲಾಗದೆ ಕೊಡುವವರು ಪ್ರತಿ ವರ್ಷವೂ ಇರುತ್ತಾರೆ. ಇಲ್ಲಿ ಉದ್ದ ಪದಗಳನ್ನು ಹೆಣೆಯುವ ಮುಖ್ಯ ವಸ್ತುವಿನ ಸುತ್ತ ಒಂದು ತಂತ್ರ ಅಡಗಿರುತ್ತದೆ: ಒಂದೇ ಮನೆಯಲ್ಲಿ ಹಲವು ಅಕ್ಷರ ತುಂಬಬೇಕಾಗಬಹುದು, ಪದಗಳನ್ನು ತಿರುಗುಮುರುಗಾಗಿ ಬರೆಯಬೇಕಾಗಬಹುದು, ಪದ ಮಧ್ಯದಲ್ಲಿ ತಿರುವು ತೆಗೆದುಕೊಳ್ಳಬಹುದು. ಮ್ಯಾಟ್ ಗಿನ್ಸ್‌ಬರ್ಗ್ ರೂಪಿಸಿದ 'ಡಾಕ್ಟರ್ ಫಿಲ್' ಎಂಬ ಕಂಪ್ಯೂಟರ್ ಪ್ರೋಗ್ರಾಂ 2012ರಲ್ಲಿ ಅನಧಿಕೃತವಾಗಿ ಭಾಗವಹಿಸಿದಾಗ 141ನೆಯ ಸ್ಥಾನಕ್ಕೆ ಇಳಿದದ್ದು ಇಂಥ ತಂತ್ರಗಳಿಂದಲೇ. ಹಿಂದುಮುಂದಾಗಿ ಬರೆಯಬೇಕಾದ ಪದಗಳನ್ನು ಅದು ಗ್ರಹಿಸಲಿಲ್ಲ. ಅದೇ ಪ್ರೋಗ್ರಾಂ 2021ರಲ್ಲಿ ಎಲ್ಲ ಮನುಷ್ಯರಿಗಿಂತ ಹೆಚ್ಚು ಅಂಕ ಪಡೆಯಿತು. ಮನುಷ್ಯರಾದ ನಾವು ಮಾಡಬೇಕಾದದ್ದೇನೆಂದರೆ, ಪದಬಂಧದ ಶೀರ್ಷಿಕೆಯನ್ನು ಮೊದಲು ಓದಿ ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಳ್ಳುವುದು, ಆಮೇಲೆ ಮೂಲೆಗಳಲ್ಲಿನ ಚಿಕ್ಕ ಪದಗಳಿಂದ ಆರಂಭಿಸುವುದು. ಖಚಿತವಾಗಿ ಸರಿಯಿರುವ ಉತ್ತರವೊಂದು ಮನೆಗಳಿಗೆ ಹೊಂದದೆ ಹೋದರೆ ಉತ್ತರವನ್ನು ಅನುಮಾನಿಸುವ ಬದಲು ತಂತ್ರ ಅಲ್ಲಿಯೇ ಇದೆ ಎಂದು ಗುರುತು ಹಾಕಿಕೊಳ್ಳಬೇಕು. ಅಂಥ ಎರಡು ಗುರುತುಗಳು ಸಿಕ್ಕರೆ ತಂತ್ರ ಬಿಚ್ಚಿಕೊಳ್ಳುತ್ತದೆ. ಒಂದು ಬಿಚ್ಚಿದರೆ ಉಳಿದ ಉದ್ದ ಪದಗಳು ಅದೇ ಜಾಡಿನಲ್ಲಿ ಬರುತ್ತವೆ.

ಅಭ್ಯಾಸಕ್ಕೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪದಬಂಧವೇ ಒಳ್ಳೆಯ ಮೆಟ್ಟಿಲು. 1942ರಲ್ಲಿ ಆರಂಭವಾದ ಅದನ್ನು ಶಾರ್ಟ್ಸ್ 1993ರಿಂದ ಸಂಪಾದಿಸುತ್ತ ಬಂದವರಾದ್ದರಿಂದ ಸ್ಪರ್ಧೆಯ ರುಚಿಯೂ ಅದರ ರುಚಿಯೂ ಹತ್ತಿರದವು. ಸೋಮವಾರದ್ದು ಅತಿ ಸುಲಭ. ವಾರ ಕಳೆದಂತೆ ಕಷ್ಟ ಏರುತ್ತ ಗುರುವಾರ ತಂತ್ರದ ಪದಬಂಧ, ಶನಿವಾರ ಅತಿ ಕಠಿಣ, ಭಾನುವಾರ ದೊಡ್ಡ ಗಾತ್ರದ್ದು. ಮೊದಲ ತಿಂಗಳು ಸೋಮವಾರದಿಂದ ಬುಧವಾರದವರೆಗಿನವನ್ನು ಕಾಗದದಲ್ಲಿ, ಗಡಿಯಾರ ಇಟ್ಟುಕೊಂಡು ಬಿಡಿಸಿ, ಕಾಲ ಮತ್ತು ತಪ್ಪು ಎರಡನ್ನೂ ದಾಖಲಿಸಬೇಕು. ತಪ್ಪು ಯಾವ ಬಗೆಯದು ಎಂಬುದನ್ನೂ ಬರೆಯಬೇಕು: ಸುಳಿವನ್ನು ತಪ್ಪಾಗಿ ಓದಿದ್ದೇ, ಹಾಯುವ ಪದ ನೋಡದೆ ಬಿಟ್ಟದ್ದೇ, ಕೈಬರಹದ್ದೇ, ನೇಟಿಕ್ಕೇ ಎಂದು. ನನ್ನ ಪುಸ್ತಕದಲ್ಲಿ ಮೊದಲ ತಿಂಗಳ ತಪ್ಪುಗಳಲ್ಲಿ ಹೆಚ್ಚಿನವು ಗೊತ್ತಿಲ್ಲದ ಪದಗಳಿಂದ ಬಂದವಾಗಿರಲಿಲ್ಲ, ಓದದೆ ಬಿಟ್ಟ ಸುಳಿವುಗಳಿಂದ ಬಂದವಾಗಿದ್ದವು. ಎರಡನೆಯ ತಿಂಗಳು ಗುರುವಾರದ್ದನ್ನು ಸೇರಿಸಿಕೊಂಡು, ಸೋಮವಾರದ್ದನ್ನು ಮೇಲಿನಿಂದ ಕೆಳಕ್ಕಿನ ಸುಳಿವುಗಳನ್ನು ಮಾತ್ರ ಓದಿ ಬಿಡಿಸಲು ಪ್ರಯತ್ನಿಸಬೇಕು. ಅಡ್ಡ ಸಾಲಿನಲ್ಲಿ ಯಾವ ಅಕ್ಷರದ ಪಕ್ಕ ಯಾವುದು ಬರಲು ಸಾಧ್ಯ ಎಂಬುದನ್ನು ಕಣ್ಣಿಗೆ ಕಲಿಸುವ ಅಭ್ಯಾಸಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಈ ದೊಡ್ಡ ಸ್ಪರ್ಧೆಗೆ ನೇರವಾಗಿ ಹೋಗುವ ಮುನ್ನ ಚಿಕ್ಕ ಸ್ಪರ್ಧೆಯೊಂದರಲ್ಲಿ ಕೂರುವುದು ಉತ್ತಮ. ನ್ಯೂಯಾರ್ಕಿನಲ್ಲಿ 2008ರಿಂದ ನಡೆಯುತ್ತಿರುವ ಲಾಲಾಪಝೂಲ, ಬಾಸ್ಟನ್ ಕಡೆಯ ಬಾಸ್‌ವರ್ಡ್ಸ್ ಇವೆ. ಬಾಸ್‌ವರ್ಡ್ಸ್‌ನವರು ಆನ್‌ಲೈನ್ ಲೀಗನ್ನೂ ನಡೆಸುತ್ತ, ಒಂದೇ ಪದಬಂಧಕ್ಕೆ ಮೂರು ಮಟ್ಟದ ಸುಳಿವುಗಳನ್ನು ಕೊಡುವುದರಿಂದ ಹೊಸಬರು ತಮ್ಮ ಶಕ್ತಿಗೆ ತಕ್ಕದ್ದನ್ನು ಆರಿಸಿಕೊಳ್ಳಬಹುದು. ಭಾರತದಲ್ಲಿ 2013ರಿಂದ ನಡೆಯುತ್ತಿರುವ ಇಂಡಿಯನ್ ಕ್ರಾಸ್‌ವರ್ಡ್ ಲೀಗ್ ಬ್ರಿಟಿಷ್ ಮಾದರಿಯ ಗೂಢ ಸುಳಿವುಗಳ ಸ್ಪರ್ಧೆ. ಅದರ ತಯಾರಿಯೇ ಬೇರೆ, ಅದನ್ನೂ ಇದನ್ನೂ ಒಂದೇ ತಿಂಗಳಲ್ಲಿ ಬೆರೆಸಬಾರದು.

ಸ್ಪರ್ಧೆಯ ದಿನ ಬೆಳಿಗ್ಗೆ ಒಂದು ಸುಲಭ ಪದಬಂಧವನ್ನು ಗಡಿಯಾರವಿಲ್ಲದೆ ಬಿಡಿಸಿ ಕೈ ಪಳಗಿಸಿಕೊಂಡು, ಗಡಿಯಾರ ನೇರವಾಗಿ ಕಾಣುವ ಕುರ್ಚಿ ಹಿಡಿಯಬೇಕು. ಮೊದಲ ಪದಬಂಧದಲ್ಲಿ ಮೂರು ನಿಮಿಷದೊಳಗೇ ಮುಂದಿನ ಸಾಲುಗಳಲ್ಲಿ ಕೈಗಳು ಏಳತೊಡಗುತ್ತವೆ. ಅದನ್ನು ನೋಡಿ ವೇಗ ಬದಲಿಸಬಾರದು. ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ಉಣ್ಣಬಾರದು, ಏಕೆಂದರೆ ಎದುರಿಗಿರುವುದು ಐದನೆಯದು. ಭಾನುವಾರ ಏಳನೆಯದನ್ನು ಮುಗಿಸಿದ ಮೇಲೆ ಹೊರಟುಬಿಡದೆ ಅಂತಿಮ ಸುತ್ತನ್ನು ನೋಡಲೇಬೇಕು. ಮೂರು ವಿಭಾಗಗಳಲ್ಲಿ ಮೂವರು ಮೂವರಂತೆ, ಹೊರಗಿನ ಸದ್ದು ಕೇಳದಂತೆ ಹೆಡ್‌ಫೋನ್ ಹಾಕಿಕೊಂಡು, ಆಳೆತ್ತರದ ಬಿಳಿ ಬೋರ್ಡುಗಳ ಮೇಲೆ ಒಂದೇ ಪದಬಂಧವನ್ನು ಬೇರೆ ಬೇರೆ ಕಷ್ಟದ ಸುಳಿವುಗಳಿಂದ ಬಿಡಿಸುತ್ತಾರೆ. ಮೂರೂ ಬೋರ್ಡು ಕಾಣುವಲ್ಲಿ ಕೂತು, ಅವರು ಯಾವ ಮೂಲೆಯಿಂದ ಆರಂಭಿಸುತ್ತಾರೆ, ಸಿಕ್ಕಿಕೊಂಡಾಗ ಎಷ್ಟು ಬೇಗ ಬೇರೆ ಮೂಲೆಗೆ ಹೋಗುತ್ತಾರೆ, ಮುಗಿಸಿದೆನೆನ್ನುವ ಮುನ್ನ ಎಷ್ಟು ಹೆಜ್ಜೆ ಹಿಂದೆ ಸರಿದು ಬೋರ್ಡು ನೋಡುತ್ತಾರೆ ಎಂಬುದನ್ನು ಬರೆದುಕೊಳ್ಳಿ.